ಅಪ್ಪ ಹೊಲಿದ ಜೇಬಿನ ಕೋಟು

ಅಪ್ಪಾ,

ನಾನೂ ನಿನ್ನ ಕೋಟೂ ಕ್ಷೇಮವಾಗಿ ತಲುಪಿದೆವು. ಬ್ಯಾಗು ಏಳು ಕೆ.ಜಿ. ದಾಟಬಾರದೆಂದ ವಿಮಾನದವರಿಗೆ ನಿನ್ನ ಕೋಟು ಮಣ್ಣು ಮುಕ್ಕಿಸಿತು. ತಕ್ಕಡಿಯ ಮೇಲೆ ಬ್ಯಾಗು ಹೂವಿನಂತೆ ಕೂತಿತ್ತು. ಪಕ್ಕದಲ್ಲಿ ನಾನು ಗೋಣಿಮೂಟೆಯಂತೆ ನಿಂತಿದ್ದೆ. ಬೆನ್ನಿಗೊಂದು ಜೇಬಿಟ್ಟು ಅದಕ್ಕೆ ಚಪ್ಪಲಿ ತುರುಕಲು ಯಾವ ಪುಣ್ಯಾತ್ಮ ಹೇಳಿಕೊಟ್ಟ ನಿನಗೆ? ದಾರಿಯುದ್ದಕ್ಕೂ ಒರಗಲಾಗದೆ ಸೊಂಟ ಹಿಡಿದುಕೊಂಡಿದೆ. ಉಳಿದಂತೆ ಆರೋಗ್ಯ.

ಇದ್ದಬದ್ದ ಜೇಬನ್ನೆಲ್ಲ ತುಂಬಿಸಿ, ಪಾಸ್‌ಪೋರ್ಟಿಗೊಂದು ಬಿಡುವುದನ್ನೇ ಮರೆತೆಯಲ್ಲ! ಒಂದು ಕೈಯಲ್ಲಿ ಬ್ಯಾಗು, ಇನ್ನೊಂದರಲ್ಲಿ ಭಾರಕ್ಕೆ ಜಾರುವ ಕೋಟು. ಪಾಸ್‌ಪೋರ್ಟನ್ನು ಬಾಯಲ್ಲಿ ಕಚ್ಚಿಕೊಂಡೇ ಓಡಾಡಿದೆ. ಇಲ್ಲಿ ಇಳಿದಾಗ ಅಧಿಕಾರಿ ಅದರ ಮೇಲಿನ ಹಲ್ಲಿನ ಗುರುತು ತೋರಿಸಿ, “ಮನೇಲಿ ನಾಯಿ ಇದ್ಯಾ?” ಎಂದ.

“ಇಲ್ಲ ಸಾರ್, ನಮ್ಮಪ್ಪ ಟೈಲರು” ಎಂದೆ.

ಈ ಪೋಸ್ಟ್‌ಕಾರ್ಡೂ ನಿನ್ನ ಕೋಟಿನಂತೆ ತುಂಬಿಹೋಯಿತು.

ಮಗಳು