ಮುನಿಗಂಗಮ್ಮ ಕತ್ತರಿಸಿದ ಅಂಗಿ

ಬಂಗಾರಪೇಟೆ, 12-6-1958

ಅನಾಥಾಲಯದ ಮೇಲ್ವಿಚಾರಕರಿಗೆ ದರ್ಜಿ ವೆಂಕಟರಾಯಪ್ಪನ ನಮಸ್ಕಾರ.

ಹೊಲಿಗೆ ಕಲಿಯಲು ನನ್ನಲ್ಲಿ ಬಿಟ್ಟ ಮುನಿಗಂಗಮ್ಮ ಬಟ್ಟೆ ಕೆಡಿಸಿದಳೆಂದು ಕೇಳಿ, ಅವಳನ್ನು ಕರೆಸಿಕೊಂಡು ಯಾರದೋ ಮನೆಗೆಲಸಕ್ಕೆ ಹಾಕುವುದಾಗಿ ಬರೆದಿದ್ದೀರಿ. ಕಳಿಸಲ್ಲ ಸ್ವಾಮಿ. ಕಲಿಯುವವರು ಕತ್ತರಿಸಿದ ಮೊದಲ ಅಂಗಿಯನ್ನು ಮೇಸ್ತ್ರಿಯೇ ತೊಡಬೇಕು, ಇದು ನಮ್ಮಂಗಡಿ ಪದ್ಧತಿ. ಬಟ್ಟೆ ತಿರುವಿ ಹಾಕೋದು ಮರೆತು, ಎರಡು ತೋಳನ್ನೂ ಎಡಗೈಗೇ ಕತ್ತರಿಸಿದ್ದಳು. ಅದನ್ನೇ ತೊಟ್ಟು ಸಂತೆಗೆ ಹೋದೆ. "ಏನ್ ಮೇಸ್ತ್ರಿ, ಬಲಗೈ ಮನೇಲೇ ಬಿಟ್ಬಂದ್ಯಾ?" ಅಂತ ನಕ್ಕರು. ನಗಲಿ. ನನ್ನ ಮೊದಲ ಅಂಗಿಯಲ್ಲಿ ತಲೆಯೇ ತೂರುತ್ತಿರಲಿಲ್ಲ. ಗಂಡುಹುಡುಗನಲ್ವಾ, ನನ್ನನ್ನು ಯಾರೂ ಮುಸುರೆ ತಿಕ್ಕಲು ಕಳಿಸಲಿಲ್ಲ.

ನಿಮ್ಮ ಕಾಗದ ಓದಿ ಹೇಳಿದಾಗ, "ನಾನು ಓಗಲ್ಲ ಮಾಮ" ಅಂದಳು. ಅಷ್ಟು ಸಾಕು ನನಗೆ.

ಅವಳ ತಂಗಿ ಸೊಣ್ಣಮ್ಮ ನಿಮ್ಮಲ್ಲೇ ಇದ್ದಾಳಂತೆ. ಭಾನುವಾರ ಮೊದಲ ರೈಲಿಗೆ ನನ್ನ ಹೆಂಡತಿ ಬರ್ತಾಳೆ, ಆ ಮಗೂನೂ ಕಳಿಸಿಕೊಡಿ. ಬರಿಗೈಲಿ ವಾಪಸ್ ಬರೋ ಹೆಂಗಸಲ್ಲ ಅವಳು.

ಇಂತಿ, ಈ ಹುಡುಗಿಯ ಮೇಸ್ತ್ರಿ,
ವೆಂಕಟರಾಯಪ್ಪ