ಮಲಗುವ ಗೂಡು

ಭಾನುವಾರ, ಬೆಳಿಗ್ಗೆ

ಪ್ರೀತಿಯ ಗಿರಣಿ ದೊಡ್ಡಮ್ಮನಿಗೆ,

ಹೆಸರು ಕಂಡು ಸಿಟ್ಟಾಗಬೇಡಿ. ಎರಡು ವರ್ಷ ಅಮ್ಮನ ಬಾಯಲ್ಲಿ ನಿಮಗೆ ಬೇರೆ ಹೆಸರೇ ಇರಲಿಲ್ಲ. ನಾನು ವೃದ್ಧಾಶ್ರಮಕ್ಕೆ ಬಂದು ಚಪ್ಪಲಿ ಬಿಡುವಷ್ಟರಲ್ಲೇ ಅವಳ ದೂರು ಶುರುವಾಗುತ್ತಿತ್ತು. ಕಣ್ಣು ಮುಚ್ಚಿದರೆ ಸಾಕು ಗೊರಕೆಯಲ್ಲೇ ಹಿಟ್ಟು ಬೀಸುತ್ತಾಳೆ, ಕಿಟಕಿ ತೆಗೆದರೆ ಮುಚ್ಚು ಎನ್ನುತ್ತಾಳೆ, ನನ್ನ ಬಾಚಣಿಗೆ ಎತ್ತಿಕೊಳ್ಳುತ್ತಾಳೆ. ನೀವೇನು ಕಡಿಮೆ? ನಿಮ್ಮಮ್ಮ ನಿದ್ದೆಯಲ್ಲೂ ಜಗಳ ಆಡುತ್ತಾಳೆ ಎಂದು ಪಕ್ಕದ ಮಂಚದಿಂದ ಹೇಳುತ್ತಿದ್ದಿರಿ.

ಅಮ್ಮ ಹೋಗಿ ಹತ್ತೊಂಬತ್ತು ದಿನವಾಯಿತು. ಅಂದು ನೀವು ವಾಕರ್ ಹಿಡಿದು ಮೆಟ್ಟಿಲ ಬುಡದಲ್ಲಿ ನಿಂತಿದ್ದಿರಿ. ನಾನು ನಿಮ್ಮ ಮುಖ ನೋಡದೆ ಹೊರಟುಬಿಟ್ಟೆ. ಯಾಕೆಂದು ಹೇಳುವುದಕ್ಕೇ ಈ ಕಾಗದ.

ನನ್ನ ಕೆಲಸ ನಿಮಗೆ ಗೊತ್ತು. ಇಲಿ ಕಾಯುವವಳು ಎಂದು ಇಬ್ಬರೂ ಸೇರಿ ನಗುತ್ತಿದ್ದಿರಿ. ಸಂಶೋಧನಾಲಯದಲ್ಲಿ ವೋಲ್‌ಗಳನ್ನು ನೋಡಿಕೊಳ್ಳುತ್ತೇನೆ. ಮೋಟುಬಾಲದ, ದುಂಡು ಮೋರೆಯ ಹುಲ್ಲುಗಾವಲಿನ ಇಲಿಗಳು. ನಮ್ಮಲ್ಲಿರುವುದು ಜೊತೆಗಾರರನ್ನು ಬಹಳ ಹಚ್ಚಿಕೊಳ್ಳುವ ಜಾತಿ. ಗಂಡು ಹೆಣ್ಣೇ ಆಗಬೇಕೆಂದಿಲ್ಲ, ಒಂದೇ ಪಂಜರದಲ್ಲಿ ಬಾಳಿದ ಎರಡು ಹೆಣ್ಣುಗಳೂ ಅಷ್ಟೇ. ಬೇರೆ ಮಾಡಿದರೆ ಉಳಿದದ್ದು ಮೂಲೆ ಹಿಡಿಯುತ್ತದೆ. ಹಾಕಿದ ಕಾಳು ಹಾಕಿದಲ್ಲೇ ಇರುತ್ತದೆ. ಎತ್ತಿಕೊಂಡರೆ ಕೊಸರುವುದೂ ಇಲ್ಲ. ಹೊಸದಾಗಿ ಕೆಲಸಕ್ಕೆ ಬಂದವರು ಅದನ್ನು ನೋಡಿ ಎಷ್ಟು ಸಾಧುವಾಗಿದೆ ಎನ್ನುತ್ತಾರೆ.

ನಾನೂ ಹೊಸಬಳಾಗಿದ್ದಾಗ, ದಿನವಿಡೀ ಕಿಚಕಿಚ ಎಂದು ತಳ್ಳಾಡುತ್ತಿದ್ದ ಎರಡು ಮುದಿ ಹೆಣ್ಣುಗಳನ್ನು ಬೇರೆ ಬೇರೆ ಪಂಜರಕ್ಕೆ ಹಾಕಲು ಹೊರಟಿದ್ದೆ. ನಮ್ಮ ಪಶುವೈದ್ಯೆ ಕೈ ಹಿಡಿದು ನಿಲ್ಲಿಸಿದರು. "ಮೈಮೇಲೆ ಗಾಯ ಇದೆಯಾ? ಇಲ್ವಲ್ಲ. ಹಾಗಾದ್ರೆ ಕಿತ್ತಾಟ ನೋಡ್ಬೇಡ, ಎಲ್ಲಿ ಮಲಗ್ತಾವೆ ನೋಡು," ಎಂದರು. ಹತ್ತಿಯ ಗೂಡು ಬಿಡಿಸಿ ನೋಡಿದೆ. ಎರಡಕ್ಕೂ ಸೇರಿ ಒಂದೇ ಗುಳಿ ಇತ್ತು, ಇನ್ನೂ ಬೆಚ್ಚಗಿತ್ತು. ಆಮೇಲೆ ಇಪ್ಪತ್ತೆರಡು ವರ್ಷ, ಗೂಡು ನೋಡದೆ ನಾನು ಒಂದು ಜೋಡಿಯನ್ನೂ ಬಿಡಿಸಿಲ್ಲ.

ನಿಮ್ಮಿಬ್ಬರ ವಿಷಯದಲ್ಲಿ ಮಾತ್ರ ನೋಡಲಿಲ್ಲ, ದೊಡ್ಡಮ್ಮ. ಮೇಲಿನ ಮಹಡಿಯಲ್ಲಿ ಒಬ್ಬರೇ ಇರುವ ಕೋಣೆ ಖಾಲಿಯಾಯಿತೆಂದು ಮೇಲ್ವಿಚಾರಕಿ ಫೋನ್ ಮಾಡಿದಾಗ ಹಿಂದೆಮುಂದೆ ನೋಡದೆ ಹೂಂ ಎಂದೆ. ನಿಮ್ಮನ್ನೂ ಕೇಳಲಿಲ್ಲ, ಅಮ್ಮನನ್ನೂ ಕೇಳಲಿಲ್ಲ. ಅಮ್ಮನಿಗೆ ದೊಡ್ಡ ಉಪಕಾರ ಮಾಡಿದೆನೆಂದು ಬೀಗಿದ್ದೇ ಬೀಗಿದ್ದು. ನೀವು ಮೆಟ್ಟಿಲು ಹತ್ತುವ ಹಾಗಿಲ್ಲ, ಅವಳು ಇಳಿಯುವ ಹಾಗಿಲ್ಲ ಎಂಬುದು ತಲೆಗೆ ಹೊಳೆಯಲೇ ಇಲ್ಲ.

ಮೊದಲ ವಾರ ಅಮ್ಮ, "ಇಲ್ಲಿ ಒಂದು ಸದ್ದೂ ಇಲ್ಲ ಕಣೆ," ಎಂದಳು. ಮೆಚ್ಚುಗೆ ಎಂದುಕೊಂಡೆ. ಎರಡನೇ ವಾರ ತಟ್ಟೆಯಲ್ಲಿ ಊಟ ಹಾಗೇ ಉಳಿದಿತ್ತು. ಮೂರನೇ ವಾರ ತಲೆ ಬಾಚೋಣವೆಂದು ಬಾಚಣಿಗೆ ಕೇಳಿದರೆ, ಗಿರಣಿಗೆ ಕೊಟ್ಟು ಬಂದೆ ಎಂದಳು. ಬೆರಳಲ್ಲೇ ಸಿಕ್ಕು ಬಿಡಿಸಿದೆ, ಒಂದು ಸಲವೂ ಗೊಣಗಲಿಲ್ಲ. ನಿಮ್ಮಮ್ಮ ಈಗ ಎಷ್ಟು ಸಾಧುವಾಗಿದ್ದಾರೆ ಎಂದು ಆಯಾ ಹೇಳಿದಳು. ಆ ಮಾತು ಕಿವಿಗೆ ಬಿದ್ದರೂ ನನಗೆ ಬುದ್ಧಿ ಬರಲಿಲ್ಲವಲ್ಲ.

ಇನ್ನೊಂದು ವಿಷಯ ಯಾರಿಗೂ ಹೇಳಿಲ್ಲ. ನಾಲ್ಕನೇ ವಾರ ನಾನು ಹೊರಡುವಾಗ ಅಮ್ಮ ತೋಳು ಹಿಡಿದುಕೊಂಡಳು. "ನನ್ನನ್ನ ಕೆಳಗೆ ಕರ್ಕೊಂಡ್ ಹೋಗೇ. ಅವಳಿಗೆ ಕಿಟಕಿ ಮುಚ್ಚೋಕೆ ಕೈ ಎಟುಕಲ್ಲ," ಎಂದಳು. ನನಗೆ ಕೆಲಸಕ್ಕೆ ಹೊತ್ತಾಗಿತ್ತು. ಸ್ವಲ್ಪ ಹೊಂದಿಕೋ ಅಮ್ಮ, ಮುಂದಿನ ವಾರ ನೋಡೋಣ ಎಂದೆ. ಮುಂದಿನ ವಾರ ಅಮ್ಮ ಇರಲಿಲ್ಲ. ವಯಸ್ಸಾಗಿತ್ತು, ಹೃದಯ ಸೋತಿತು ಎಂದರು ಡಾಕ್ಟರು. ಇರಬಹುದು. ಆದರೆ ನನ್ನ ಪಂಜರದಲ್ಲಿ ಹೀಗಾಗಿದ್ದರೆ ನಾನು ಅಷ್ಟಕ್ಕೇ ಒಪ್ಪುತ್ತಿರಲಿಲ್ಲ.

ನೀವೂ ಈಗ ಸರಿಯಾಗಿ ಉಣ್ಣುತ್ತಿಲ್ಲವಂತೆ. ಪಕ್ಕದ ಮಂಚಕ್ಕೆ ಬಂದವರನ್ನೆಲ್ಲ ಬೈದು ಓಡಿಸುತ್ತೀರಂತೆ. ನಾನು ಬರಲೇ? ಪ್ರತಿ ಭಾನುವಾರ ಬಂದು ಆ ಮಂಚದ ಮೇಲೆ ಕೂರುತ್ತೇನೆ. ಹೇಳಿದಾಗ ಕಿಟಕಿ ಮುಚ್ಚುತ್ತೇನೆ. ನನ್ನನ್ನು ಮನಸಾರೆ ಬೈಯಿರಿ, ಇಲ್ಲವೇ ಮಲಗಿ ಗೊರಕೆ ಹೊಡೆಯಿರಿ. ಯಾವ ಮುಖ ಇಟ್ಟುಕೊಂಡು ಕ್ಷಮೆ ಕೇಳಲಿ? ಬೇಡವೆಂದರೆ ಮೇಲ್ವಿಚಾರಕಿಯ ಹತ್ತಿರ ಹೇಳಿ ಕಳಿಸಿ, ಬರುವುದಿಲ್ಲ.

ಇತಿ,
ನಿಮ್ಮ ಪಕ್ಕದ ಮಂಚದವಳ ಮಗಳು

ಮೇಲೆ ಬರೆಯದೆ ಬಿಟ್ಟದ್ದು: ನಿಮ್ಮ ಗೊರಕೆ ಕೇಳಿಸದಿರಲೆಂದು ಎರಡು ವರ್ಷದ ಹಿಂದೆ ಅಮ್ಮನಿಗೆ ಕಿವಿಯೊಳಗೆ ಇಟ್ಟುಕೊಳ್ಳುವ ಮೆತ್ತನೆ ಬಿರಡೆಗಳ ಡಬ್ಬಿ ತಂದುಕೊಟ್ಟಿದ್ದೆ. ಕೇಳಿದಾಗಲೆಲ್ಲ, ದಿನಾ ಹಾಕಿಕೊಳ್ಳುತ್ತೇನೆ, ಆದರೂ ಕೇಳಿಸುತ್ತದೆ ಎನ್ನುತ್ತಿದ್ದಳು. ನಿನ್ನೆ ಅವಳ ಪೆಟ್ಟಿಗೆ ತೆಗೆದೆ. ಡಬ್ಬಿ ಸಿಕ್ಕಿತು. ಮೇಲಿನ ಅಂಟುಪಟ್ಟಿಯನ್ನು ಅವಳು ಕಿತ್ತೇ ಇಲ್ಲ.