ಎಡ ಭುಜಕ್ಕೊಂದು ಪದರ

ಮನೆ, ಹೊಲಿಗೆ ಕೋಣೆ
ಹನ್ನೊಂದನೇ ತಾರೀಕು, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಮಂಡಿನೋವು ಕಡಿಮೆಯಾಯಿತೇ? ಹೊತ್ತು ಹೊತ್ತಿಗೆ ಉಣ್ಣುತ್ತೀಯ ತಾನೇ? ಅಲ್ಲಿ ಊಟಕ್ಕೆ ಗಂಟೆ ಹೊಡೆಯುತ್ತಾರಂತೆ. ಮನೆಯಲ್ಲಿದ್ದಾಗ ಮೂರು ಸಲ ಕೂಗಿದರೂ ಏಳುತ್ತಿರಲಿಲ್ಲ ನೀನು. ನಿನಗಿಂತ ಮೊದಲು ಈ ಪತ್ರ ಓದುವ ಜೈಲಿನ ಅಧಿಕಾರಿಗಳಿಗೂ ನನ್ನ ನಮಸ್ಕಾರ. ಇದರಲ್ಲಿ ಗುಟ್ಟೇನೂ ಇಲ್ಲ, ಬರೀ ಮನೆವಾರ್ತೆ.

ಅಮ್ಮನ ವಿಷಯ ಬರೆಯಬೇಕು. ಎಂಬತ್ತೆಂಟು ತುಂಬುವಷ್ಟರಲ್ಲಿ ಅವಳ ಕಣ್ಣು ಪೂರ್ತಿ ಹೋಯಿತು, ಎರಡು ವಾರದಿಂದ ಹಾಸಿಗೆ ಹಿಡಿದಿದ್ದಾಳೆ. ದಿನಕ್ಕೆ ನಾಲ್ಕು ಚಮಚ ಹಾಲು ಇಳಿದರೆ ಹೆಚ್ಚು. ನಿನ್ನ ರಜೆಯ ಅರ್ಜಿಯ ಜೊತೆ, ತಾಯಿ ಉಳಿಯುವುದಿಲ್ಲ ಎಂದು ಡಾಕ್ಟರು ಬರೆದುಕೊಟ್ಟ ಪತ್ರ ಇರಬೇಕಂತೆ. ಮೂರು ಸಲ ಅಲೆದೆ. "ಕಾಯಿಲೆ ಏನೂ ಇಲ್ವಲ್ಲಮ್ಮಾ. ವಯಸ್ಸಾಗಿದೆ ಅಂತ ಬರೀಬಹುದು, ಹೋಗ್ಬಿಡ್ತಾರೆ ಅಂತ ಹೇಗೆ ಬರೀಲಿ?" ಅನ್ನುತ್ತಾರೆ. ವಯಸ್ಸಾಗಿದೆ ಎಂದು ಬರೆದ ಚೀಟಿಯನ್ನು ಜೈಲು ಕಚೇರಿಯವರು ಹಿಂದಕ್ಕೆ ಕಳಿಸಿದರು. ಅಮ್ಮನಿಗೆ ಒಂದು ಕಾಯಿಲೆಯಾದರೂ ಬರಬಾರದಿತ್ತೇ ಎಂದು ಕಚೇರಿ ಮೆಟ್ಟಿಲ ಮೇಲೆ ಕೂತು ಅತ್ತೆ. ಹೆತ್ತವಳ ಬಗ್ಗೆ ನನ್ನ ಬಾಯಲ್ಲಿ ಎಂಥ ಮಾತು ಬಂತು ನೋಡು.

ಅವಳ ಪಕ್ಕ ಕೂತರೆ ಹಳೆಯದೆಲ್ಲ ಒಂದೊಂದಾಗಿ ಬರುತ್ತದೆ. ಅಪ್ಪ ಹೋದಾಗ ನಿನಗೆ ಹತ್ತು, ನನಗೆ ನಾಲ್ಕು. ಅಲ್ಲಿಯವರೆಗೆ ಗುಂಡಿ ಹಚ್ಚುವುದಷ್ಟೇ ಗೊತ್ತಿದ್ದವಳು ನಲವತ್ತನೇ ವಯಸ್ಸಿನಲ್ಲಿ ಯಾರೋ ಬಿಸಾಕಿದ ಕೈ ಮೆಷಿನ್ನು ಹೊತ್ತು ತಂದಳು, ಹಳೇ ಚಾದರ ಕತ್ತರಿಸಿ ಕಲಿತಳು. ಒಂದು ಕಾಲು ಗಿಡ್ಡವಾದ ಅವಳ ಮೊದಲ ಪ್ಯಾಂಟನ್ನು ನೀನೇ ವರ್ಷವಿಡೀ ತೊಟ್ಟು ತಿರುಗಿದೆ, ಪಾಪ. ಆಮೇಲೆ ಶಾಲೆಯ ಸಮವಸ್ತ್ರ, ಬ್ಯಾಂಡಿನವರ ಕೋಟು, ಮದುವೆ ಕೋಟು ಎಲ್ಲ ಈ ಕಿಟಕಿಯ ಕೆಳಗೇ ಹುಟ್ಟಿದವು. ಟೇಪು ಮುಟ್ಟಿದವಳಲ್ಲ ಅವಳು. ಭುಜದ ಮೇಲೆ ಗೇಣು ಹಾಕಿ, ಮಿಕ್ಕದ್ದನ್ನು ಬೆರಳಲ್ಲಿ ಎಣಿಸುತ್ತಿದ್ದಳು. ಒಮ್ಮೆ ಅಳೆದವರನ್ನು ಮತ್ತೆ ಅಳೆಯುತ್ತಿರಲಿಲ್ಲ. ನಿನಗೆ ಗೊತ್ತಿಲ್ಲದ ಒಂದು ಸಂಗತಿ ಹೇಳಲೇ? ನಿನ್ನ ಎಡ ಭುಜ ಬಲಕ್ಕಿಂತ ಅರ್ಧ ಬೆರಳು ಕೆಳಗಿದೆ. ಹುಡುಗರು ಆಡಿಕೊಂಡಾರೆಂದು ನಿನ್ನ ಪ್ರತಿ ಅಂಗಿಯ ಎಡಗಡೆ, ಒಳಗಿನಿಂದ, ಒಂದು ಪದರ ಬಟ್ಟೆ ಇಟ್ಟು ಹೊಲಿಯುತ್ತಿದ್ದಳು. ಇಷ್ಟು ವರ್ಷ ನೀನು ನೆಟ್ಟಗೆ ಕಂಡದ್ದು ಅದರಿಂದ. "ಅವನಿಗೆ ಹೇಳ್ಬೇಡ, ಬೇಜಾರು ಮಾಡ್ಕೋತಾನೆ" ಎಂದು ನನ್ನ ಬಾಯಿ ಕಟ್ಟಿದ್ದಳು.

ನೀನು ದೂರದ ಕಂಪನಿಯೊಂದರಲ್ಲಿ ಲಾರಿ ಓಡಿಸುತ್ತಿದ್ದೀಯ ಎಂದು ತಾನೇ ಅವಳಿಗೆ ನಾವು ಹೇಳಿದ್ದು? ನಿನ್ನ ಲಾರಿಗೆ ಸಿಕ್ಕಿ ಸತ್ತ ಸೈಕಲ್ಲಿನವನು, ನಿನ್ನ ಮೂರು ವರ್ಷದ ಶಿಕ್ಷೆ, ಯಾವುದನ್ನೂ ಅವಳ ಕಿವಿಗೆ ಹಾಕಿಲ್ಲ. ಕಳೆದ ವಾರವೆಲ್ಲ "ದೊಡ್ಡೋನು ಬಂದ್ನಾ?" ಎಂಬುದೊಂದೇ ಮಾತು. ಕೇಳಿ ಕೇಳಿ ನನಗೆ ತಲೆ ಕೆಟ್ಟುಹೋಯಿತು. ಗುರುವಾರ ನಿನ್ನ ಗೆಳೆಯ ಬಡಗಿಗೆ ನಿನ್ನ ನೀಲಿ ಅಂಗಿ ತೊಡಿಸಿ, ಗಂಟಲು ಕಟ್ಟಿದೆ ಅನ್ನು ಎಂದು ಹೇಳಿಕೊಟ್ಟು, ಅವಳ ಪಕ್ಕ ಕೂರಿಸಿದೆ. ಇಡೀ ಬೀದಿಯ ಭುಜ ಅಳೆದವಳ ಮುಂದೆ ಇನ್ನೊಬ್ಬನ ಭುಜ ತಂದಿಟ್ಟೆನಲ್ಲ, ನನ್ನ ಬುದ್ಧಿಗೆ ಏನೆನ್ನಲಿ! ಅವಳ ಕೈ ಮೆಲ್ಲಗೆ ಮೇಲೇರಿತು. ಒಂದು ಗೇಣು, ಎರಡು ಗೇಣು. ಇನ್ನೊಮ್ಮೆ ಮೊದಲಿಂದ. ಆಮೇಲೆ "ಊಟ ಮಾಡ್ಕೊಂಡು ಹೋಗಪ್ಪಾ" ಎಂದು ಅವನ ತಲೆ ಸವರಿದಳು. ಅವನು ಹೊರಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತ. ನಾನು ಬಾಗಿಲು ಹಾಕಿ ಬಂದ ಮೇಲೆ ಅಮ್ಮ ಹೇಳಿದಳು: "ಬಡಗಿ ಇಳಿದು ಹೋಗಿದ್ದಾನಲ್ಲೇ. ಅವನ ಮದುವೆ ಕೋಟು ನಾನೇ ಹೊಲ್ದಿದ್ದು." ಬೈಯಲಿಲ್ಲ, ಅಳಲಿಲ್ಲ. ಅವತ್ತಿನಿಂದ ನಿನ್ನ ಸುದ್ದಿಯನ್ನೇ ಎತ್ತುತ್ತಿಲ್ಲ. ಬೇಕಾದರೆ ನೂರು ಸಲ ಕೇಳಲಿ, ಹೀಗೆ ಸುಮ್ಮನೆ ಮಲಗಿರುವುದು ಬೇಡ ಅನ್ನಿಸುತ್ತದೆ.

ನನ್ನ ಕೈಲಿ ಇನ್ನೇನಾಗುತ್ತದೆ ಹೇಳು. ನಾಳೆ ಮತ್ತೆ ಡಾಕ್ಟರ ಹತ್ತಿರ ಹೋಗುತ್ತೇನೆ, ಅವರು ಮತ್ತೆ ಅದನ್ನೇ ಹೇಳುತ್ತಾರೆ. ನಮ್ಮ ಮನೆಯವರೂ ಮಕ್ಕಳೂ ನಿನ್ನನ್ನು ಕೇಳಿದ್ದಾರೆ. ನೆಲದ ಥಂಡಿಗೆ ಮಂಡಿ ಒಡ್ಡಬೇಡ.

ನಿನ್ನ ತಂಗಿ,
ಎಲ್ಲಿ ಹೋದರೂ ಹಿಂದೆಯೇ ಬರುತ್ತಿದ್ದ ನಿನ್ನ ಬಾಲ

ಅಣ್ಣಾ, ಇನ್ನೊಂದು ಮಾತು. ಲಕೋಟೆ ಅಂಟಿಸುವಷ್ಟರಲ್ಲಿ ಅಮ್ಮ ಕರೆದಳು. "ಕಾಗದ ಜೈಲಿಗೆ ತಾನೇ?" ಎಂದಳು. ಎರಡು ವರ್ಷದಿಂದ ಗೊತ್ತಂತೆ. ನಾವು ಇಷ್ಟು ಕಷ್ಟಪಟ್ಟು ಸುಳ್ಳು ಹೇಳುತ್ತಿದ್ದೇವಲ್ಲ ಎಂದು ಸುಮ್ಮನಿದ್ದಳಂತೆ. "ರಜಾ ಕೊಡ್ತಾರೇನೋ ಅಂತ ದಿನಾ ಕೇಳ್ತಿದ್ದೆ. ಹೋಗ್ಲಿ, ಅಲ್ಲಿ ಕೊಟ್ಟಿರೋ ಅಂಗೀನಾದ್ರೂ ಕಳಿಸ್ಲಿ. ಎಲ್ರಿಗೂ ಒಂದೇ ಥರ ಹೊಲ್ದಿರ್ತಾರೆ. ಎಡಗಡೆ ಪದರ ಯಾರು ಇಡ್ತಾರೆ?" ನನ್ನ ಕೈಲಿ ಸೂಜಿಗೆ ದಾರ ಹಾಕಿಸಿ ದಿಂಬಿನ ಪಕ್ಕ ಇಟ್ಟುಕೊಂಡಿದ್ದಾಳೆ. ಅಧಿಕಾರಿಗಳೇ, ನೀವು ಇದನ್ನು ಓದುತ್ತೀರಲ್ಲ. ಅಣ್ಣನಿಗೆ ರಜೆ ಕೊಡಲಾಗದಿದ್ದರೆ ಅವನ ಅಂಗಿಗಾದರೂ ಒಂದು ದಿನ ರಜೆ ಕೊಡಿ. ಬೇಗ ಕೊಡಿ.